ಪರಂಗಿ ಮೇಸ್ತ್ರಿಯ ಮೂರು ಮಾತು

"ಹರಿಗಲ್ಲಿನ ಮಲ್ಲರಸರ ಅಪ್ಪಣೆ, ಕೇಳ್ರಪ್ಪೋ. ರಾಜಕುಮಾರಿ ಪದುಮಲೆ ಮೂರು ಒಗಟು ಹಾಕುತ್ತಾಳೆ. ಮೂರಕ್ಕೂ ಉತ್ತರ ಪರಂಗಿ ಮೇಸ್ತ್ರಿ ಆಡುವ ಮಾತು, ಮೂರೂ ಒಂದೇ ಬಗೆಯ ದನಿಯವು. ಬಿಡಿಸಿದವನಿಗೆ ಮಗಳನ್ನು ಧಾರೆಯೆರೆದು ಕೊಡುತ್ತೇವೆ, ಮೇಸ್ತ್ರಿಯನ್ನೂ ಬಿಡುತ್ತೇವೆ. ತಪ್ಪಿದವನಿಗೆ ಸೆರೆ, ಹುಣ್ಣಿಮೆಯ ಬೆಳಿಗ್ಗೆ ಮೇಸ್ತ್ರಿಯ ಜೊತೆಗೇ ಶೂಲ."

ಡಂಗುರ ಕೇಳಿ ಸಂಗಯ್ಯನ ಕೈಯ ತುತ್ತು ಬಾಯಿಗೆ ಹೋಗದೆ ನಿಂತಿತು. ಅವನು ಅದಿರು ಕರಗಿಸುವ ಕುಲುಮೆಯಲ್ಲಿ ತಿದಿ ಊದುವವನು. ಮೇಸ್ತ್ರಿ ನಿಕೋಲಸ ಅವನ ಗುರು. ಬೇರೆ ಸೀಮೆಯ ಗಣಿಗಳಲ್ಲಿ ಪಳಗಿ, ಹೊಟ್ಟೆಪಾಡಿಗೆ ಇಂಗ್ಲಿಷರ ಜೊತೆ ಹಡಗೇರಿ ಬಂದ ಮುದುಕ. ಬೆಳಿಗ್ಗೆ ಕುಲುಮೆ ನೋಡಿಕೊಳ್ಳುತ್ತಿದ್ದ, ಸಂಜೆ ರಾಜಕುಮಾರಿಗೆ ಇಂಗ್ಲಿಷ್ ಕಲಿಸುತ್ತಿದ್ದ. ಗುಡ್ಡದಲ್ಲಿ ಸಿಕ್ಕ ಅದಿರು ತಾಮ್ರದಂತೆ ಕೆಂಪಗಿತ್ತು. ಕಾಯಿಸಿದರೆ ಬೆಳ್ಳುಳ್ಳಿಯ ನಾತದ ಹೊಗೆ ಎದ್ದು ಆಳುಗಳು ಕೆಮ್ಮಿ ಬಿದ್ದರೇ ಹೊರತು ಒಂದು ಗುಂಜಿ ತಾಮ್ರ ಇಳಿಯಲಿಲ್ಲ. ಅರಸ ಕೇಳಿದಾಗ ಮೇಸ್ತ್ರಿ ಕಲ್ಲು ಎತ್ತಿ ಹಿಡಿದು ಒಂದೇ ಮಾತು ಹೇಳಿದ. ಸಭೆಗೆ ಕೇಳಿಸಿದ್ದು: ನಕಲಿ.

"ನಕಲಿ ಅಂತ ತಾನೇ ಒಪ್ಪಿಕೊಂಡ," ಎಂದ ಅರಸ. ಮಗಳು ಬೇಡಿಕೊಂಡಳು. "ನೀನು ಅವನ ಶಿಷ್ಯೆ, ಅವನ ಪರವೇ ಮಾತಾಡ್ತೀ. ನನ್ನ ಪ್ರಜೆಗಳಲ್ಲಿ ಯಾರಾದರೂ ಒಬ್ಬ ಅವನ ಮಾತು ತಿಳಿದು ತೋರಿಸಲಿ." ಒಗಟುಗಳು ಹುಟ್ಟಿದ್ದು ಹೀಗೆ.

ಮೊದಲು ಬಂದವನು ತಲಘಟ್ಟದ ಯುವರಾಜ. ಪದುಮಲೆ ಕೇಳಿದಳು: "ನಾಲ್ವರು ಅಣ್ಣತಮ್ಮಂದಿರು. ಮುದುರಿದರೆ ಗುಡ್ಡ, ಬಿಚ್ಚಿದರೆ ಬಯಲು. ಯಾರ ಮನೆ ಬಾಗಿಲಿಗೆ ಹೋದರೂ ಮೊದಲು ಮಾತಾಡುವವರು ಇವರೇ. ಯಾರು?" ಅವನು ಮೀಸೆ ನೀವಿಕೊಂಡು, "ದ್ವಾರಪಾಲಕರು," ಎಂದು ಸೆರೆಗೆ ಹೋದ.

ಎರಡನೆಯವನು ಆಸ್ಥಾನದ ಶಾಸ್ತ್ರಿಗಳ ಮಗ. ಅವನು ಮೊದಲನೆಯದನ್ನು ಬಿಡಿಸಿದ, ಎರಡನೆಯದಕ್ಕೆ ಬಂದ. "ಮರ ಚೂರು ಮೈ ಕಳೆದುಕೊಂಡಾಗ ಇದು ಹುಟ್ಟುತ್ತದೆ. ತೂಕವಿಲ್ಲ, ಆದರೂ ಕೋಲಿನ ಮೇಲೆ ಕೂತು ಹೊತ್ತು ಎಷ್ಟಾಯಿತೆಂದು ಹೇಳುತ್ತದೆ." ಅವನು, "ನೆರಳು," ಎಂದ. ಸಭೆ ತಲೆದೂಗಿತು, ಪದುಮಲೆಯ ತಲೆ ಅಡ್ಡಡ್ಡ ಆಡಿತು.

ಹುಣ್ಣಿಮೆ ಹತ್ತಿರವಾದಂತೆ ಸಂಗಯ್ಯ ಕೂತಲ್ಲಿ ಕೂರಲಾರದಾದ. ತಿದಿ ಹಿಡಿದರೆ ಉಸಿರು ತಪ್ಪುತ್ತಿತ್ತು. ಗುಡಿಗೆ ಹೋಗಿ, "ಶಿವನೇ, ನನಗೆ ಬುದ್ಧಿ ಕೊಡು ಅಂತ ಕೇಳೋದಿಲ್ಲ. ಅಲ್ಲಿ ನಿಂತಾಗ ನನ್ನ ಕಿವಿ ಮುಚ್ಚದ ಹಾಗೆ ನೋಡಿಕೋ," ಎಂದು ಅಡ್ಡಬಿದ್ದ. ಕರುಣಾಳುವಾದ ದೇವರು ಇಂಥ ಸಣ್ಣ ಬೇಡಿಕೆಗಳನ್ನು ಬೇಗ ನಡೆಸಿಕೊಡುತ್ತಾನೆ.

ಮಸಿ ಮೆತ್ತಿದ ಪಂಚೆಯಲ್ಲೇ ಸಭೆಗೆ ನಡೆದ. ಅರಸ ನಕ್ಕ. "ಏನೋ, ಕುಲುಮೆಯಲ್ಲಿ ಬೆಂದದ್ದು ಸಾಲದಾಯಿತೇ?"

"ಸಾಲದು ಮಹಾಸ್ವಾಮಿ. ಒಗಟು ಹಾಕಿಸ್ರಿ."

ಮೊದಲನೆಯದಕ್ಕೆ ಅವನು ಮುಷ್ಟಿ ಬಿಗಿದು ಕಂಬವನ್ನು ತಟ್ಟಿದ. "ಬೆರಳ ಗೆಣ್ಣು. ಮೇಸ್ತ್ರಿ ಕುಲುಮೆಯ ಗೋಡೆ ಒಣಗಿದೆಯೇ ಅಂತ ಹೀಗೇ ತಟ್ಟಿ ನೋಡ್ತಿದ್ದರು. ಅದಕ್ಕೆ ನಕಲ್ ಅಂತಿದ್ದರು." ಎರಡನೆಯದಕ್ಕೆ, "ಕಚ್ಚು. ಪಾಳಿ ಮುಗಿದಾಗಲೆಲ್ಲ ಕೋಲಿನ ಮೇಲೆ ಕೊರೆಯೋದು. ಅದು ನಿಕ್. ಸರಿಯಾದ ಹೊತ್ತಿಗೆ ನಾನು ಬಂದರೆ, ಕಚ್ಚಿಗೆ ಸರಿಯಾಗಿ ಬಂದೆ ಅಂತಿದ್ದರು."

ಪದುಮಲೆ ಕೂತಲ್ಲಿಂದ ಎದ್ದಳು. "ಮೂರನೆಯದು. ಮೈಬಣ್ಣ ತಾಮ್ರದ್ದು, ಹೊಟ್ಟೆಯಲ್ಲಿ ತಾಮ್ರವಿಲ್ಲ. ಹೆಸರು ಒಬ್ಬ ಪುಣ್ಯಾತ್ಮನದು, ಆ ಹೆಸರು ಹಿಡಿದು ಬೈದದ್ದು ದೆವ್ವವನ್ನು. ಏನದು?"

ಸಂಗಯ್ಯ ಮೂಲೆಯಲ್ಲಿ ಸಾಕ್ಷಿಗೆಂದು ಇಟ್ಟಿದ್ದ ಕೆಂಪು ಅದಿರಿನ ಕಡೆ ನೋಡಿದ. ಕಲ್ಲು ಯಾವುದೆಂದು ಗೊತ್ತಿತ್ತು. ಆದರೆ ಅದರ ಹೆಸರು ಅವನ ಕಿವಿಗೂ ನಕಲಿಯೆಂದೇ ಬಿದ್ದಿತ್ತು. ನಕಲಿ ಎಂದರೆ ಶೂಲ. ಪುಣ್ಯಾತ್ಮ ಯಾರು, ದೆವ್ವ ಯಾವುದು? ನಕಲ್, ನಿಕ್... ಮೇಸ್ತ್ರಿಯ ಹೆಸರೂ ಅದೇ ಬಗೆಯ ದನಿಯದಲ್ಲವೇ? ಭಟ ಹತ್ತಿರ ಸರಿದ.

"ಮಹಾಸ್ವಾಮಿ, ಮೇಸ್ತ್ರಿಯನ್ನು ಒಂದು ಮಾತು ಕೇಳಲೇ?"

"ಉತ್ತರ ಕದಿಯುತ್ತೀಯೇನೋ?"

"ಅಪ್ಪಾ," ಎಂದಳು ಪದುಮಲೆ, "ಬಿಡಿಸಿ ಅಂದಿದ್ದೇವೆ. ಅವರನ್ನು ಕೇಳಬಾರದು ಅಂತ ಡಂಗುರದಲ್ಲಿ ಸಾರಿಲ್ಲ."

ಮೇಸ್ತ್ರಿಯನ್ನು ಕರೆತಂದರು. ಅವನಿಗೆ ಬರುತ್ತಿದ್ದದ್ದು ಕುಲುಮೆಯ ಕನ್ನಡ: ಊದು, ನಿಲ್ಲಿಸು, ಉಣ್ಣು. ಸಂಗಯ್ಯ ಆ ಕನ್ನಡದಲ್ಲೇ ಕೇಳಿದ. "ಮೇಸ್ತ್ರಿ, ಉಣ್ಣಲು ನಿಮ್ಮ ಅವ್ವ ಹೇಗೆ ಕರೀತಿದ್ದಳು?"

ಮುದುಕನ ಕಣ್ಣು ತುಂಬಿತು. ಎದೆ ಮುಟ್ಟಿಕೊಂಡ. "ನಿಕೆಲ್," ಎಂದ. ಆಮೇಲೆ ಮೂಲೆಯಲ್ಲಿದ್ದ ಕೆಂಪು ಅದಿರಿಗೆ ಬೆರಳು ಮಾಡಿ, ಹಣೆಯ ಮೇಲೆ ಎರಡು ಕೊಂಬು ತೋರಿಸಿ, "ಇದೂ ನಿಕೆಲ್," ಎಂದ.

ಸಂಗಯ್ಯ ಪದುಮಲೆಯ ಕಡೆ ತಿರುಗಿದ. "ನಿಕೋಲಸ ಅನ್ನೋದು ಅವರ ಕಡೆಯ ಒಬ್ಬ ಸಂತನ ಹೆಸರು ಇರಬೇಕು, ಅಮ್ಮಣ್ಣಿ. ನಾವು ಬಸವಣ್ಣನ ಹೆಸರಿಟ್ಟು ಬಸ್ಯಾ ಅನ್ನೋ ಹಾಗೆ ಮನೆಯಲ್ಲಿ ನಿಕೆಲ್ ಅಂತಾರೆ. ಅವರ ಸೀಮೆಯ ಗಣಿಯವರು ಈ ಕಲ್ಲನ್ನು ತಾಮ್ರವೆಂದು ಕಾಯಿಸಿ, ತಾಮ್ರ ಬಾರದೆ, ನಿಕೆಲ್ ಅನ್ನೋ ಗುಡ್ಡದ ದೆವ್ವ ಕದ್ದಿತು ಅಂತ ಬೈದಿರಬೇಕು. ಬೈಗುಳವೇ ಹೆಸರಾಯಿತು. ಮೇಸ್ತ್ರಿ ಸುಳ್ಳು ಹೇಳಲಿಲ್ಲ, ಕಲ್ಲಿನ ಹೆಸರು ಹೇಳಿದರು. ನಮ್ಮ ಕಿವಿ ನಕಲಿ ಮಾಡಿತು."

"ಸರಿ," ಎಂದಳು ಪದುಮಲೆ. "ಅದರೊಳಗೆ ಬೇರೊಂದು ಬಿಳಿ ಲೋಹವಿದೆ. ಅದಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು ನಿಂತಿದೆ. ಗುರುಗಳು ಹೇಳಿದ್ದರು."

"ತಪ್ಪು ನನ್ನ ಕಿವಿಯದು," ಎಂದ ಅರಸ. ಆಮೇಲೆ ಎದ್ದು ಬಂದು ತಾನೇ ಮೇಸ್ತ್ರಿಯ ಬೇಡಿ ಬಿಚ್ಚಿದ. ಯುವರಾಜನನ್ನೂ ಶಾಸ್ತ್ರಿಗಳ ಮಗನನ್ನೂ ಸಂಗಯ್ಯನೇ ಕೇಳಿ ಬಿಡಿಸಿದ. ತನ್ನ ತಪ್ಪನ್ನು ಒಪ್ಪಿಕೊಂಡ ದೊರೆಯನ್ನು ದೇವರು ಕೈಬಿಡುವುದಿಲ್ಲ.

ಮದುವೆಯಾಗಿ ಮದುಮಗಳು ಹೊಸ್ತಿಲ ಮುಂದೆ ನಿಂತಳು. ಕುಲುಮೆಯ ಹೆಂಗಸರು ಬಾಗಿಲಿಗೆ ಅಡ್ಡ ಕೈ ಹಿಡಿದರು. "ಗಂಡನ ಹೆಸರು ಹೇಳವ್ವ, ಒಡಪು ಕಟ್ಟಿ ಹೇಳು. ಊರಿಗೆಲ್ಲ ಒಗಟು ಹಾಕಿದಾಕಿ, ಈಗ ನಾಚಿದರೆ ಹೇಗೆ?"

ಪದುಮಲೆ ಸೆರಗು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೊನೆಗೆ ನೆಲ ನೋಡುತ್ತ ಹೇಳಿದಳು:

"ಕೇಳಿಸಿಕೊಂಡವರು ನೂರು, ಕೇಳಿ ತಿಳಿದವರು ಯಾರು? ನಮ್ಮ ಸಂಗಯ್ಯನವರು."

ಹೆಂಗಸರು ಕೈ ತೆಗೆದರು.