ಲಾಂಚಿಗೆ ತಂದ ಅಂಟು

ಹೊಳೆ ದಾಟಿಸುವ ಲಾಂಚಿನ ಎಂಜಿನ್ ಆಯಿಲ್ ಸೋರುತ್ತಿತ್ತು. ಮೆಕ್ಯಾನಿಕ್ ಬಸ್ತ್ಯಾಂವ ಎಂಜಿನ್ ಬಿಚ್ಚಿಕೊಂಡು ಕೂತಿದ್ದ. ಹಿಂದಿನ ಮಳೆಗಾಲದಲ್ಲಿ ಇದೇ ಎಂಜಿನ್ ನಡುಹೊಳೆಯಲ್ಲಿ ಕೈಕೊಟ್ಟಾಗ ಅವನ ತಮ್ಮ ನೀರುಪಾಲಾಗಿದ್ದ.

ಮಾಲೀಕ ವಿಠೋಬರಾಯರು ಒಂದು ಟ್ಯೂಬು ಎಸೆದರು. "ಇದನ್ನೇ ಮೆತ್ತು. ಈಗಲೇ ಹೊರಡಬೇಕು."

ಅದು ಬಚ್ಚಲುಮನೆಯ ಟೈಲ್ಸಿಗೆ ಹಚ್ಚುವ ಅಂಟು.

"ಬಿಸಿ ಆಯಿಲಿಗೆ ಇದು ನಿಲ್ಲೋದಿಲ್ಲ ಧಣಿ. ಎಂಜಿನ್ ಗ್ಯಾಸ್ಕೆಟ್ಟಿನ ಅಂಟೇ ಬೇಕು."

"ಅಂಟು ಅಂದ್ರೆ ಅಂಟು. ನಂಗೇ ಪಾಠ ಹೇಳ್ತೀಯಾ?"

ಬಸ್ತ್ಯಾಂವ ವಾದಕ್ಕಿಳಿಯಲಿಲ್ಲ. ದಡದಲ್ಲಿ ಕಾಯುತ್ತಿದ್ದ ಜನರ ಕಡೆ ತಿರುಗಿ ಕೂಗಿದ: "ಹೆದರಬೇಡಿ! ಅಂಟು ಧಣಿಗಳೇ ಆರಿಸಿದ್ದು. ಮೊದಲ ಟ್ರಿಪ್ಪಿಗೆ ಅವರೇ ಎಂಜಿನ್ ಪಕ್ಕ ಕೂತು ಬರ್ತಾರೆ!"

ಜನ ಸರಿದು ರಾಯರಿಗೆ ದಾರಿ ಬಿಟ್ಟರು. ಮಗುವನ್ನೆತ್ತಿಕೊಂಡ ಒಬ್ಬಾಕೆ, "ಹತ್ತಿ ಧಣಿ, ನಿಮ್ಮ ಹಿಂದೆಯೇ ನಾವು" ಅಂದಳು. ರಾಯರು ಕೆಂಪಗೆ ಉಕ್ಕುತ್ತಿದ್ದ ಹೊಳೆಯನ್ನು ನೋಡಿದರು.

"ಸರಿಯಾದ್ದು ಎಲ್ಲಿ ಸಿಗುತ್ತೆ?" ಎಂದು ಮೆಲ್ಲಗೆ ಕೇಳಿದರು.

"ಪೇಟೆಯಲ್ಲಿ. ಹಚ್ಚಿದ ಮೇಲೆ ನಾಳೆವರೆಗೆ ಒಣಗಬೇಕು."

ಮರುದಿನ ಲಾಂಚು ಸುಸೂತ್ರವಾಗಿ ಹೊಳೆ ದಾಟಿತು. ಆಚೆ ದಡ ಮುಟ್ಟಿದ್ದೇ ರಾಯರು, "ನೀನಿನ್ನು ಕೆಲಸಕ್ಕೆ ಬರಬೇಡ" ಅಂದರು. "ಆಗಲಿ" ಅಂದ ಬಸ್ತ್ಯಾಂವ, ಕೊನೆಯವರು ಇಳಿಯುವ ತನಕ ಲಾಂಚಿನ ಅಂಚು ಹಿಡಿದು ನಿಂತಿದ್ದ. ಆಮೇಲೆ ಒಬ್ಬನೇ ನಡೆದ.