ಎದುರು ಬಂದವಳ ಮುಂದೆ ಇರುವೆ ನಿಲ್ಲುವುದೇಕೆ

ಲೋಕ ಆಗಷ್ಟೇ ಮೈತೊಳೆದು ಎದ್ದಿದ್ದ ಕಾಲ ಅದು. ಯಾವ ತಿಂಗಳು ಬರಬೇಕೆಂದು ಮಳೆಗೆ ತಿಳಿದಿರಲಿಲ್ಲ. ಗಾಳಿ ಇನ್ನೂ ದಿಕ್ಕು ಕಲಿಯುತ್ತಿತ್ತು, ಮೂಡಲಿಗೆಂದು ಹೊರಟು ತೆಂಕಲಿಗೆ ಹೋಗಿಬಿಡುತ್ತಿತ್ತು. ಹಳ್ಳ ಮಾತ್ರ ಗುಡ್ಡದಿಂದ ಕೆಳಗಿಳಿಯುವುದನ್ನು ಚೆನ್ನಾಗಿ ಕಲಿತುಬಿಟ್ಟಿತ್ತು.

ಇರುವೆಗಳು ಆಗಲೂ ಓಡುತ್ತಿದ್ದವು. ಆದರೆ ಈಗಿನ ಹಾಗಲ್ಲ. ಎದುರಿಗೆ ಇನ್ನೊಬ್ಬಳು ಬಂದರೆ ಪಕ್ಕಕ್ಕೆ ಸರಿದು, ಮುಖವನ್ನೂ ನೋಡದೆ ಹೋಗುತ್ತಿದ್ದವು. ಅದೇ ಮರ್ಯಾದೆ ಎಂದುಕೊಂಡಿದ್ದವು. ಕೆಲಸದಲ್ಲಿರುವವಳನ್ನು ನಿಲ್ಲಿಸಿ ಮಾತಾಡಿಸುವುದು ಸೋಮಾರಿಗಳ ಲಕ್ಷಣವಂತೆ.

ಆ ಇರುವೆಗಳಲ್ಲಿ ಒಬ್ಬಳು ಬಿರುಸಿ. ನಡೆಯುವುದು ಎಂದರೇನೆಂದೇ ಅವಳಿಗೆ ಗೊತ್ತಿರಲಿಲ್ಲ. "ಹುಟ್ಟಿದಾಗಿಂದ ದಾರೀಲಿ ಒಂದ್ಸಲಾನೂ ನಿಂತವಳಲ್ಲ ನಾನು" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಜಂಬವನ್ನೂ ಓಡುತ್ತಲೇ ಕೊಚ್ಚಿಕೊಳ್ಳುತ್ತಿದ್ದಳು, ಹಾಗಾಗಿ ಕೇಳುವವರಿಗೆ ಅರ್ಧ ಮಾತು ಮಾತ್ರ ಸಿಗುತ್ತಿತ್ತು.

ಅವಳ ತಂಗಿ ನವಣಿ. ನವಣೆ ಕಾಳಿನಷ್ಟೇ ಇದ್ದುದರಿಂದ ಆ ಹೆಸರು. ಗೂಡಿನ ತಳದ ಕೋಣೆಯಲ್ಲಿ ಮೊಟ್ಟೆಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಅವಳದು ಮೆತ್ತಗಿನ ದನಿ. ಯಾರಾದರೂ ನಿಂತು ಕೇಳಿದರೆ ಮಾತ್ರ ಕೇಳಿಸುವಂಥದ್ದು.

ಒಂದು ದಿನ ಒಂದು ಗುಬ್ಬಿ ಹಾರುತ್ತಾ ಹಾರುತ್ತಾ ಸಜ್ಜೆ ತೆನೆಯೊಂದನ್ನು ಕೆಡವಿಕೊಂಡು ಹೋಯಿತು. ಕಾಳೆಲ್ಲ ಕಳ್ಳಿ ಗಿಡದ ಆಚೆ ಚೆಲ್ಲಾಪಿಲ್ಲಿ. ಇರುವೆಗಳಿಗೆ ಅದಕ್ಕಿಂತ ಇನ್ನೇನು ಬೇಕು? ಎಲ್ಲರೂ ಹೊತ್ತಿದ್ದೇ ಹೊತ್ತಿದ್ದು. ಎಲ್ಲರಿಗಿಂತ ಮುಂದೆ ಬಿರುಸಿ.

ಕಳ್ಳಿ ಬೇರಿನ ತಿರುವಿನಲ್ಲಿ ನವಣಿ ಎದುರಾದಳು.

"ಅಕ್ಕಾ, ಒಂಚೂರು ನಿಂತ್ಕೊ. ಒಂದು ಮಾತು ಹೇಳೋದಿತ್ತು."

ಬಿರುಸಿಯ ಬಾಯಲ್ಲಿ ಕಾಳು. "ಬಾಯ್ತುಂಬ ಕಾಳಿಟ್ಕೊಂಡು ಹೆಂಗೆ ನಿಂತ್ಕೊಳ್ಳಲಿ? ಆಮೇಲೆ" ಎಂದು ಗೊಣಗಿ, ಬೇರನ್ನು ಬಳಸಿಕೊಂಡು ಓಡಿಯೇಬಿಟ್ಟಳು.

ಇನ್ನೊಂದು ಕಾಳಿಗೆಂದು ಹೋಗುವಾಗ ನವಣಿ ಮತ್ತೆ ಅದೇ ತಿರುವಿನಲ್ಲಿ ನಿಂತಿದ್ದಳು.

"ಅಕ್ಕಾ, ಒಂದೇ ಮಾತು ಕಣೇ."

"ಆ ಒಂದು ಮಾತು ಓಡಿಹೋಗಲ್ಲ. ಕಾಳು ಯಾರಾದ್ರೂ ಎತ್ಕೊಂಡು ಹೋಗ್ತಾರೆ. ಆಮೇಲೆ ಅಂದ್ನಲ್ಲ."

ನವಣಿ ಬೇರೆಯವರನ್ನೂ ಕೇಳಿದಳು. ಅವರೂ ಆಮೇಲೆ ಎಂದರು. ಮತ್ತೊಮ್ಮೆ ಬಿರುಸಿ ಎದುರಾದಾಗ ನವಣಿ ಏನೂ ಕೇಳಲಿಲ್ಲ. ಅಕ್ಕನ ಮುಖ ನೋಡಿದಳು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವಳ ಕಾಲಿಗೆಲ್ಲ ಹಸಿ ಮಣ್ಣು ಮೆತ್ತಿಕೊಂಡಿತ್ತು. ಇಷ್ಟು ಬಿಸಿಲಲ್ಲಿ ಇವಳಿಗೆ ಹಸಿ ಮಣ್ಣು ಎಲ್ಲಿ ಸಿಕ್ಕಿತು ಎಂದು ಬಿರುಸಿಗೆ ಅನಿಸಿತು. ಅಷ್ಟರಲ್ಲಿ ಕಾಳಿನ ರಾಶಿ ಬಂತು, ಮರೆತಳು.

ಮಧ್ಯಾಹ್ನ ತಿರುಗುವ ಹೊತ್ತಿಗೆ ಗುಡ್ಡದ ಮೇಲೆ ಮಳೆ ಹುಯ್ದಿತು. ಹಳ್ಳ ತುಂಬಿ ದಡದ ಮೇಲೆ ಹರಿಯಿತು. ಬಿರುಸಿ ಓಡಿ ಬಂದು ನೋಡುತ್ತಾಳೆ, ಗೂಡಿನ ಬಾಗಿಲಲ್ಲಿ ನೀರು ಬುಳಬುಳ ಎನ್ನುತ್ತಿದೆ. ಅವಳು ಹೊತ್ತು ತಂದ ಕಾಳುಗಳೆಲ್ಲ ತೇಲುತ್ತಿವೆ.

"ನವಣೀ" ಎಂದು ಕೂಗಿದಳು.

"ನಮ್ಮ ನವಣಿ ಎಲ್ಲಿ?" ಎಂದು ಹಳ್ಳವನ್ನು ಕೇಳಿದಳು.

ಹಳ್ಳಕ್ಕೆ ತಲೆ ಎತ್ತಲಾಗಲಿಲ್ಲ. "ಬೆಳಗಿಂದಾನೇ ನಾನು ನೆಲದೊಳಗೆ ಇಷ್ಟಿಷ್ಟೇ ಇಳೀತಿದ್ದೆ. ಮೊಟ್ಟೆ ಕೋಣೇಲಿ ತೇವ ಬಂದಿದ್ದು ಆ ಚಿಕ್ಕವಳೊಬ್ಬಳಿಗೇ ಗೊತ್ತಾಗಿದ್ದು. ಅದನ್ನ ಹೇಳೋಕೇ ಓಡಾಡ್ತಿದ್ಲು. ಯಾರೂ ನಿಲ್ಲಲಿಲ್ಲ. ಕೊನೆಗೆ ಒಬ್ಬಳೇ ಒಂದೊಂದು ಮೊಟ್ಟೆ ಹೊತ್ಕೊಂಡು ಬಂಡೆ ಸಂದಿಗೆ ಸಾಗಿಸಿದ್ಲು. ಕಡೇ ಸಲ ಒಳಗೆ ಹೋದಾಗ ನಾನು ಬಂದ್ಬಿಟ್ಟೆ ಕಣಮ್ಮ. ನಿಲ್ಲೋದು ನನಗೂ ಗೊತ್ತಿಲ್ಲ."

ಬಂಡೆಯ ಸಂದಿನಲ್ಲಿ ಒಂದಿಷ್ಟು ಮೊಟ್ಟೆಗಳು ಬೆಚ್ಚಗೆ ಕೂತಿದ್ದವು. ಒಂದು ಹುಣಸೆ ಬೀಜದ ಮೇಲೆ ಹಿಡಿಸುವಷ್ಟು. ನವಣಿ ಮಾತ್ರ ಇರಲಿಲ್ಲ.

ಇರುವೆಗಳು ಹೊಸ ಗೂಡು ತೋಡಿದವು. ಅತ್ತವು, ಮತ್ತೆ ಕೆಲಸಕ್ಕೆ ಹೊರಟವು. ಬಿರುಸಿಗೆ ಮಾತ್ರ ಒಂದು ಕಡೆ ನಿಂತರೆ ಆಗದು, ಕೂತರೆ ಆಗದು. ಕಾಳು ಎತ್ತುವಳು, ಅರ್ಧ ದಾರಿಗೆ ಬಿಡುವಳು. ಕಳ್ಳಿ ಬೇರಿನ ತಿರುವಿಗೆ ಓಡುವಳು, ಅಲ್ಲಿಂದ ಹಿಂದಕ್ಕೆ, ಮತ್ತೆ ತಿರುವಿಗೆ.

ದಿಕ್ಕು ತಪ್ಪಿ ಬಂದ ಗಾಳಿ ಅವಳನ್ನು ನೋಡಿ ಕೇಳಿತು. "ನನಗೆ ದಿಕ್ಕು ಗೊತ್ತಿಲ್ಲ, ಸುತ್ತುತೀನಿ. ನಿನಗೇನು ಬಂತು?"

"ಅವಳು ಎದುರು ಬಂದ್ರೆ ಈ ಸಲ ನಿಂತ್ಕೊಳ್ಳೋಣ ಅಂತ."

"ಅವಳು ಬರಲ್ಲ ಕಣೇ."

"ಗೊತ್ತು" ಎಂದಳು ಬಿರುಸಿ. ಗೊತ್ತಿದ್ದೂ ಮತ್ತೆ ಒಂದು ಸುತ್ತು ಹೊರಟಳು.

ತಿರುವಿನಲ್ಲಿ ಯಾರೋ ಎದುರಾದರು. ನವಣಿಯಲ್ಲ, ಕಾಳು ಹೊತ್ತ ಒಬ್ಬ ಮುದುಕಿ ಇರುವೆ. ಅವಳು ಮರ್ಯಾದೆಯಿಂದ ಪಕ್ಕಕ್ಕೆ ಸರಿದಳು. ಬಿರುಸಿಯ ಕಾಲು ತಾನಾಗಿ ನಿಂತುಬಿಟ್ಟಿತು. ಹುಟ್ಟಿದ ಮೇಲೆ ಮೊದಲ ಸಲ.

"ಅಜ್ಜೀ, ಏನಾದ್ರೂ ಹೇಳೋದಿತ್ತಾ?"

"ನನಗೇನಿದೆ ಹೇಳೋಕೆ? ದಾರಿ ಬಿಡು" ಎಂದು ಅಜ್ಜಿ ಸಿಡುಕಿದಳು.

ಬಿರುಸಿ ಮುಂದೆ ಓಡಿ, ಆಮೇಲೆ ಬಂದವಳನ್ನೂ ನಿಲ್ಲಿಸಿ ಕೇಳಿದಳು. ಅವಳ ಹಿಂದಿನವಳನ್ನೂ ಕೇಳಿದಳು. ದಿನವೆಲ್ಲ ಅದೇ ಕೆಲಸ. ತನ್ನ ಬಾಯಲ್ಲಿ ಕಾಳಿದ್ದಾಗ ಮಾತಾಡಲು ಆಗುತ್ತಿರಲಿಲ್ಲ. ಆದರೆ ತಲೆಯ ಮುಂದಿನ ಮೀಸೆ ಖಾಲಿ ಇತ್ತಲ್ಲ? ಎದುರಿನವಳ ಮೀಸೆಗೆ ತನ್ನ ಮೀಸೆ ತಾಗಿಸಿ ಕೇಳುವುದನ್ನು ಕಲಿತಳು. ಬಾಯ್ತುಂಬ ಕಾಳಿದೆ ಎಂದು ತಂಗಿಗೆ ಹೇಳಿದ್ದು ಆಗೆಲ್ಲ ನೆನಪಿಗೆ ಬಂದು ಅವಳಿಗೆ ನಾಚಿಕೆಯಾಗುತ್ತಿತ್ತು.

ಗೂಡಿನಲ್ಲಿ ಎಲ್ಲರೂ ಬೇಸತ್ತರು. "ಪಾಪ, ತಲೆ ಕೆಟ್ಟಿದೆ" ಎಂದರು ಕೆಲವರು. "ಇವಳ ಕಾಟಕ್ಕೆ ಆ ದಾರೀನೇ ಬೇಡ" ಎಂದರು ಇನ್ನು ಕೆಲವರು. ಬೈಸಿಕೊಂಡರೂ ಬಿರುಸಿ ಬಿಡಲಿಲ್ಲ. ಓಡುವಳು, ನಿಲ್ಲುವಳು, ಕೇಳುವಳು, ಮತ್ತೆ ಓಡುವಳು.

ಬಂಡೆ ಸಂದಿನ ಮೊಟ್ಟೆಗಳು ಒಡೆದು ಮರಿಗಳು ಬೆಳೆದವು. ಅವರಲ್ಲೊಬ್ಬಳು ತೀರ ಸಂಕೋಚದ ಹುಡುಗಿ. ಒಂದು ದಿನ ಅವಳು ತಿರುವಿನಲ್ಲಿ ಎದುರಾಗಿ, ಎಲ್ಲರ ಹಾಗೆ ಪಕ್ಕಕ್ಕೆ ಸರಿಯಹೊರಟಳು. ಬಿರುಸಿ ಮೀಸೆ ತಾಗಿಸಿದಳು.

"ಏನಾದ್ರೂ ಹೇಳೋದಿದೆಯಾ ಮಗಾ?"

"ಏನಿಲ್ಲ ದೊಡ್ಡಮ್ಮ."

ಏನಿಲ್ಲ ಎಂದರೂ ಹುಡುಗಿ ಹೋಗಲಿಲ್ಲ, ಒಂದು ಕಾಲಿಂದ ಇನ್ನೊಂದು ಕಾಲನ್ನು ಉಜ್ಜುತ್ತಾ ನಿಂತಳು. ಬಿರುಸಿಯೂ ಹೋಗಲಿಲ್ಲ. ಓಡು ಓಡು ಎಂದು ಅವಳ ಆರೂ ಕಾಲು ಎಳೆಯುತ್ತಿದ್ದವು. ಹಲ್ಲು ಕಚ್ಚಿ ನಿಂತಳು.

"ತಳದ ಕೋಣೇಲಿ ನೆಲ ತಣ್ಣಗೈತೆ" ಎಂದಳು ಹುಡುಗಿ ಕೊನೆಗೆ. "ಸುಮ್ನೆ ಹೇಳ್ದೆ ಅಷ್ಟೇ."

ಬಿರುಸಿಯ ಬಾಯಿಂದ ಕಾಳು ಬಿತ್ತು. ಹುಡುಗಿಯ ಕಾಲಿಗೆ ಹಸಿ ಮಣ್ಣು ಮೆತ್ತಿತ್ತು.

ಬಿರುಸಿ ತಿರುಗಿ ಓಡಿದಳು. ಮೊದಲು ಸಿಕ್ಕವಳಿಗೆ ಮೀಸೆ ತಾಗಿಸಿ, "ತಳದಲ್ಲಿ ನೀರು. ಮುಂದಿನವಳಿಗೆ ಹೇಳು" ಎಂದಳು. ಅವಳು ನಿಂತು ಇನ್ನೊಬ್ಬಳಿಗೆ ತಾಗಿಸಿದಳು, ಆ ಇನ್ನೊಬ್ಬಳು ಸಿಡುಕಿನ ಅಜ್ಜಿಗೆ. ಅಜ್ಜಿ ಈ ಸಲ ಸಿಡುಕಲಿಲ್ಲ, ಕಾಳನ್ನು ಅಲ್ಲೇ ಬಿಸಾಡಿದಳು. ಕಣ್ಣು ಮಿಟುಕಿಸುವುದರೊಳಗೆ ಸಾಲು ಕಟ್ಟಿತು. ಒಂದೊಂದು ಬಾಯಲ್ಲಿ ಒಂದೊಂದು ಬಿಳಿ ಮೊಟ್ಟೆ. ಎಲ್ಲ ಮೊಟ್ಟೆಗಳೂ ಬಂಡೆಯ ಮೇಲಕ್ಕೆ ಹತ್ತಿದವು.

ಮಳೆ ಬಂತು, ಹಳ್ಳ ಬಂತು. ಹಳ್ಳ ಗೂಡಿನೊಳಗೆ ಹೆದರುತ್ತಾ ಇಣುಕಿ ನೋಡಿತು. ಕೋಣೆಗಳೆಲ್ಲ ಖಾಲಿ. "ಸದ್ಯ" ಎಂದು ನಿಟ್ಟುಸಿರಿಟ್ಟು ಹರಿದುಹೋಯಿತು.

ಬಂಡೆಯ ಮೇಲೆ ಎಲ್ಲರೂ ಬಿರುಸಿಯನ್ನು ಸುತ್ತುಗಟ್ಟಿದರು. "ಇನ್ನಾದ್ರೂ ಒಂದು ಕಡೆ ಕೂತ್ಕೊ ತಾಯಿ" ಎಂದಳು ಅಜ್ಜಿ. ಬಿರುಸಿ ಕೂರಲು ನೋಡಿದಳು. ಆಗಲಿಲ್ಲ. ಇಷ್ಟು ಮೊಟ್ಟೆ ಉಳಿದದ್ದು ಅವಳಿಗೆ ಸಂತೋಷವೇ, ಆದರೆ ನವಣಿ ತಿರುವಿನಲ್ಲಿ ದಾರಿ ಬಿಟ್ಟು ನಿಂತದ್ದು ಅವಳ ಕಣ್ಣಿಂದ ಹೋಗಲಿಲ್ಲ. ಅದು ಹೋಗುವಂಥದ್ದೂ ಅಲ್ಲ. ಮಳೆ ನಿಂತ ಕೂಡಲೇ ಅವಳು ಕೆಳಗಿಳಿದಳು. ಆ ಸಂಕೋಚದ ಹುಡುಗಿಯೂ ಹಿಂದೆಯೇ ಇಳಿದಳು, ಅವಳ ಹಿಂದೆ ಉಳಿದವರು. ದಾರಿಯಲ್ಲಿ ಎದುರಾದವರನ್ನೆಲ್ಲ ಅವರೆಲ್ಲರೂ ನಿಲ್ಲಿಸಿ ಕೇಳಿದರು.

ಅದಕ್ಕೇ ಮಗೂ, ಇವತ್ತಿಗೂ ನಮ್ಮ ಗೋಡೆಯ ಮೇಲೆ ಸಾಲು ಹೋಗುವ ಇರುವೆ, ಬಾಯಲ್ಲಿ ಸಕ್ಕರೆ ಹರಳಿದ್ದರೂ, ಎಷ್ಟೇ ಅವಸರವಿದ್ದರೂ, ಎದುರು ಬಂದವಳ ಮುಂದೆ ಒಂದು ಗಳಿಗೆ ನಿಂತು, ಮೀಸೆಗೆ ಮೀಸೆ ತಾಗಿಸಿ, ಏನಾದರೂ ಹೇಳುವುದಿದೆಯಾ ಎಂದು ಕೇಳಿಯೇ ಮುಂದೆ ಹೋಗುತ್ತದೆ.