ಕಪಾಟಿನ ಹಿಂದಿನ ಗೋಡೆ

ನದಿದಂಡೆಯ ಆಶ್ರಮದಲ್ಲಿ ಉಬ್ಬಸದ ರೋಗಿಗಳು ಏಳು ಮಂದಿ ಇದ್ದರು. ನದಿಯ ಥಂಡಿ ಅವರಿಗೆ ಆಗುತ್ತಿರಲಿಲ್ಲ. ಮಳೆಗಾಲದ ಮೊದಲೇ ಊರೊಳಗೆ ಒಂದು ಮನೆ ಕೊಳ್ಳಬೇಕೆಂದು ಗುರುಗಳು ಶಿಷ್ಯ ನಿಜಗುಣನಿಗೆ ಹೇಳಿದ್ದರು.

ಮೂರು ತಿಂಗಳು ಹುಡುಕಿ ನಿಜಗುಣ ಗುರುಗಳ ಬಳಿ ಬಂದ. "ಸಿಕ್ತು, ಅಜ್ಜಾರ" ಎಂದ.

ಹಾಗೆ ಹೇಳಿದ ದಿನದಿಂದ ಅವನಿಗೆ ಊಟ ಸೇರಲಿಲ್ಲ.

ಗುರುಗಳು ಮನೆ ನೋಡಲು ಹೊರಟರು. ದಾರಿಯುದ್ದಕ್ಕೂ ನಿಜಗುಣನ ಮಾತು ನಿಲ್ಲಲಿಲ್ಲ. ಬಾವಿ ಹತ್ತಿರವಿದೆ, ಕೋಣೆಗಳು ದೊಡ್ಡವು, ಈಗಷ್ಟೇ ಸುಣ್ಣ ಬಳಿದಿದ್ದಾರೆ.

ಮನೆಯೊಡತಿ ತಾರವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಒಳಗೆ ಊದುಬತ್ತಿಯ ಹೊಗೆ ತುಂಬಿತ್ತು.

"ಊದುಬತ್ತಿ ಹೊರಗ ಇಟ್ಟು ಬಾ, ತಂಗಿ" ಎಂದು ಗುರುಗಳು ಪಡಸಾಲೆಯಲ್ಲಿ ಕುಳಿತರು.

ಹೊಗೆ ಕರಗಿತು. ತೊಯ್ದ ಗೋಣಿಚೀಲದಂಥ ವಾಸನೆ ಮೆಲ್ಲಗೆ ಮೂಗಿಗೆ ಬಂತು. ನಿಜಗುಣ ಮತ್ತೆ ಬಾವಿಯ ಮಾತು ತೆಗೆದ.

ಗುರುಗಳು ಎದ್ದು ಹಿಂದಿನ ಕೋಣೆಗೆ ಹೋದರು. ಗೋಡೆಗೆ ಅಂಗೈ ಒತ್ತಿ ನಿಂತರು. ಬೆರಳಿನಿಂದ ತಟ್ಟಿದರು. ಟೊಳ್ಳು ಸದ್ದು. ಮೂಲೆಯ ಎತ್ತರದ ಕಪಾಟಿನತ್ತ ನೋಡಿದರು.

"ಸರಿಸು."

"ಭಾರ ಐತ್ರಿ, ಅಜ್ಜಾರ."

"ಸರಿಸಿ ನೋಡಿದ್ದಿಯೇನು?"

ನಿಜಗುಣ ಕಪಾಟಿಗೆ ಕೈಹಚ್ಚಿದ. ಅದು ಖಾಲಿಯಿತ್ತು, ಸಲೀಸಾಗಿ ಸರಿಯಿತು. ಹಿಂದೆ ಸುಣ್ಣ ಹಪ್ಪಳದಂತೆ ಉಬ್ಬಿತ್ತು. ಮುಟ್ಟಿದೊಡನೆ ಉದುರಿತು. ಮಾಳಿಗೆಯಿಂದ ನೆಲದವರೆಗೂ ಕಪ್ಪು ಬೂಷ್ಟು.

ಗುರುಗಳು ಬಾಗಿಲಲ್ಲಿ ನಿಂತಿದ್ದ ತಾರವ್ವನ ಕಡೆ ತಿರುಗಿದರು. "ಮಳಿಗಾಲದಾಗ ಎಲ್ಲಿ ಮಲಗ್ತಿ, ತಂಗಿ?"

ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. "ಒಲಿ ಹತ್ರ, ಅಜ್ಜಾರ. ಈ ಖೋಲ್ಯಾಗ ಎದಿ ಕಟ್ಟತೈತ್ರಿ. ಖರೇ ಹೇಳಿದ್ರ ಯಾರು ತಗೋತಾರ್ರಿ?"

"ಈಗ ಹೇಳಿದಿಯಲ್ಲ. ಮನಸ್ಸು ಹಗುರಾತಿಲ್ಲೋ?"

ತಾರವ್ವ ಅಳುತ್ತಲೇ ತಲೆಯಾಡಿಸಿದಳು.

ಗುರುಗಳು ನಿಜಗುಣನನ್ನು ಮಾಳಿಗೆ ಹತ್ತಿಸಿದರು. ಮಳೆನೀರು ಹೊರಗೆ ಹೋಗುವ ಕಿಂಡಿಯಲ್ಲಿ ಕೊಳೆತ ಎಲೆ, ಮಣ್ಣು ಗಟ್ಟಿಯಾಗಿ ಕೂತಿತ್ತು; ನೀರು ಗೋಡೆಯೊಳಗೇ ಇಳಿಯುತ್ತಿತ್ತು. ಅವನು ಒಂದು ಬುಟ್ಟಿ ತುಂಬ ಕೆದರಿ ತೆಗೆದ.

"ಮೊದಲ ಗೋಡಿ ಒಣಗಲಿ, ತಂಗಿ. ಮನಿ ಮಾರೂ ಮಾತು ಆಮ್ಯಾಲ" ಎಂದು ಗುರುಗಳು ಹೊರಟರು.

ಊರು ದಾಟುವಷ್ಟರಲ್ಲಿ ಪಡುವಣದಲ್ಲಿ ಮೋಡ ಕಟ್ಟಿತ್ತು. ನಿಜಗುಣ ದಾರಿಯಲ್ಲೇ ನಿಂತುಬಿಟ್ಟ.

"ಅಜ್ಜಾರ, ನನಗ ಮೊದಲ ದಿನಾನ ವಾಸನಿ ಬಂದಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಮಳಿ ತಲಿಮ್ಯಾಲ ಬಂದೈತಿ. ಇನ್ನೂ ಮನಿ ಸಿಕ್ಕಿಲ್ಲ ಅಂತ ನಿಮಗ ಹೆಂಗ ಹೇಳ್ಲಿ? ಹೆದರಿಕಿ ಆತು."

ಗುರುಗಳು ಅವನ ಕೈಗಂಟಿದ್ದ ಮಣ್ಣನ್ನು ತಮ್ಮ ಶಲ್ಯದಿಂದ ಒರೆಸಿದರು.

"ಹೆದರಿದ್ದು ತಪ್ಪಲ್ಲೋ. ಆ ಗೋಡಿಗೆ ಹೆದರಬೇಕಿತ್ತು. ನನಗ ಹೆದರಿದಿ."